ಗೌರಿಕಟ್ಟೆಯಲ್ಲಿ ತೊಳೆದುಹೋದ ನಂಬರುಗಳು

ಹೋದ ತಿಂಗಳು ಯಾವುದೋ ಹಳೆಯ ನಕ್ಷೆ ಸಿಗುತ್ತಿಲ್ಲವೆಂದು ಇಲಾಖೆಯವರು ನನ್ನನ್ನು ಕಡೂರಿನ ಮನೆಯಿಂದ ಕರೆಸಿಕೊಂಡರು. ನಕ್ಷೆ ನಾನಿಟ್ಟ ಕಪಾಟಿನಲ್ಲೇ, ನಾನು ಕಟ್ಟಿದ ದಾರದ ಗಂಟಿನೊಂದಿಗೇ ಇತ್ತು. ನಿವೃತ್ತಳಾದ ಮೇಲೆ ಯಾರೂ ಆ ಗಂಟನ್ನು ಮುಟ್ಟಿರಲಿಲ್ಲ. ಅಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಮೂವರ ಪರಿಚಯವಾಯಿತು. ಅವರ ಹತ್ತಿರ ಡ್ರೋನ್ ಇದೆ. ಅದನ್ನು ಒಂದು ಸುತ್ತು ಹಾರಿಸಿದರೆ ಇಡೀ ದೇವಸ್ಥಾನದ ಅಳತೆ ಕಂಪ್ಯೂಟರಿನಲ್ಲಿ ಬಂದು ಕೂರುತ್ತದಂತೆ. ನನಗೆ ಹೊಟ್ಟೆಕಿಚ್ಚಾಯಿತು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅವರಲ್ಲೊಬ್ಬಳು, "ಮೇಡಂ, ನಿಮ್ಮ ಸರ್ವೀಸಲ್ಲಿ ದೊಡ್ಡ ತಪ್ಪು ಅಂತ ಏನಾದ್ರೂ ಮಾಡಿದ್ರಾ?" ಎಂದು ಕೇಳಿದಳು. ಬಡ್ತಿ ಯಾವಾಗ ಸಿಕ್ಕಿತು ಎಂದು ಕೇಳಿದ್ದರೆ ಎರಡು ಮಾತಿನಲ್ಲಿ ಮುಗಿಸುತ್ತಿದ್ದೆ. ತಪ್ಪು ಕೇಳಿದ್ದರಿಂದ ಇಷ್ಟು ಬರೆಯಬೇಕಾಯಿತು.

ನಾನು ಹುಟ್ಟಿದ್ದು ಅಜ್ಜಂಪುರದಲ್ಲಿ. ಸ್ಟೇಷನ್ ರಸ್ತೆಯಲ್ಲಿ ಅಪ್ಪನ ದಿನಸಿ ಅಂಗಡಿ ಇತ್ತು. ಪೊಟ್ಟಣ ಕಟ್ಟುವ ಕಾಗದದ ಮೇಲೆ ಗಿರಾಕಿಗಳ ಮೂಗು ಮೀಸೆ ಬರೆಯುತ್ತಾ ಬೆಳೆದ ನಾನು ಡಿಪ್ಲೊಮಾ ಮುಗಿಸಿ ಹಳೆಯ ಸ್ಮಾರಕಗಳನ್ನು ಕಾಪಾಡುವ ಇಲಾಖೆಗೆ ನಕ್ಷೆಗಾರ್ತಿಯಾಗಿ ಸೇರಿದೆ. ಆಗ ನಮ್ಮ ಸಾಮಾನೆಂದರೆ ಅಳತೆ ಟೇಪು, ದಾರಕ್ಕೆ ಕಟ್ಟಿದ ತೂಕದ ಗುಂಡು, ಟ್ರೇಸಿಂಗ್ ಕಾಗದ. ಜೊತೆಗೆ ಒಂದು ಛತ್ರಿ. ಛತ್ರಿ ನನಗಲ್ಲ, ಕಾಗದಕ್ಕೆ.

ಮೊದಲ ಕೆಲಸ ಅಮೃತಾಪುರದ ದೇವಸ್ಥಾನದಲ್ಲಿ. ಅಲ್ಲಿ ನನಗೆ ಕಲಿಸಿದವರು ಒಬ್ಬ ಹಿರಿಯ ನಕ್ಷೆಗಾರರು. ಅವರು ಮಾತಾಡುವುದು ಕಡಿಮೆ, ಎಲೆ ಅಡಿಕೆ ಜಾಸ್ತಿ. ಮೊದಲ ದಿನ ಹೊರಗೋಡೆಯ ಮುಂದೆ ಕೂತು ಒಂದು ಶಿಲ್ಪವನ್ನು ಮೂಗುತಿ, ಜಡೆ, ಕಾಲ್ಗೆಜ್ಜೆ ಸಮೇತ ಬರೆದು ಹೆಮ್ಮೆಯಿಂದ ತೋರಿಸಿದೆ. ಅವರು ಕಣ್ಣು ಕಿರಿದು ಮಾಡಿ ನೋಡಿ, "ಬಲು ಚೆಂದ ಬಂದಿದೆ. ಮನೆಗೆ ತಗೊಂಡ್ಹೋಗಿ ಗೋಡೆಗೆ ಹಾಕ್ಕೊಳಮ್ಮ. ಇಲಾಖೆಗೆ ಬೇಕಾಗಿರೋದು ಈ ಕಲ್ಲಿಗೂ ಪಕ್ಕದ ಕಲ್ಲಿಗೂ ನಡುವೆ ಇರೋ ಗೆರೆ" ಎಂದರು. ಸಂಜೆ ಬಸ್ಸಿನಲ್ಲಿ ತರೀಕೆರೆವರೆಗೂ ಮುಖ ಊದಿಸಿಕೊಂಡು ಕೂತಿದ್ದೆ. ಅವರು ಹೇಳಿದ್ದು ಪೂರ್ತಿ ಅರ್ಥವಾಗಲು ನನಗೆ ಹದಿನೈದು ವರ್ಷ ಬೇಕಾಯಿತು.

ಅವರೇ ಇನ್ನೊಂದು ಪಾಠವನ್ನೂ ಹೇಳಿಕೊಟ್ಟರು. ಎಲ್ಲೋ ಒಂದು ಗುಡಿಯಲ್ಲಿ, ಹಿಂದೆ ಯಾರೋ ಬಿಚ್ಚಿ ಕಟ್ಟುವಾಗ ಕಲ್ಲುಗಳ ಮೇಲೆ ಆಯಿಲ್ ಪೇಂಟಿನಲ್ಲಿ ನಂಬರ್ ಹಾಕಿದ್ದರು. ಅದು ಹೋಗಲೇ ಇಲ್ಲ. ದರ್ಪಣ ಹಿಡಿದು ನಿಂತ ಸುಂದರಿಯ ಕೆನ್ನೆಯ ಮೇಲೆ ದಪ್ಪಗೆ ಬಿಳಿಯ 'ಹನ್ನೆರಡು' ಹಾಗೇ ಉಳಿದಿತ್ತು. ಆವತ್ತೇ ನಾನು ಶಪಥ ಮಾಡಿದೆ: ನನ್ನ ಕೈಯಿಂದ ಯಾವ ಕಲ್ಲಿಗೂ ಆಯಿಲ್ ಪೇಂಟ್ ಬೀಳಕೂಡದು. ಒಳ್ಳೆಯ ಶಪಥವೇ. ಆದರೆ ಅದು ನನ್ನನ್ನು ಎಲ್ಲಿಗೆ ತಂದು ನಿಲ್ಲಿಸಿತು ಎಂಬುದೇ ಮುಂದಿನ ಕಥೆ.

ಅದಕ್ಕೆ ಮುಂಚೆ ಮೇಸ್ತ್ರಿಯ ಬಗ್ಗೆ ಹೇಳಬೇಕು. ತರೀಕೆರೆಯ ಗೌಸ್ ಮೇಸ್ತ್ರಿ ತಲೆಮಾರುಗಳಿಂದ ಕಲ್ಲುಗಾರೆ ಕೆಲಸದ ಮನೆತನದವರು. ನನಗಿಂತ ಹತ್ತು ವರ್ಷ ದೊಡ್ಡವರು. ನಮ್ಮಲ್ಲಿಗೆ ಬಂದ ಒಬ್ಬ ಇಂಜಿನಿಯರ್ ಸಾಹೇಬರಿಗೆ ಸಿಮೆಂಟಿನ ಮೇಲೆ ಬಲು ಪ್ರೀತಿ. ಬಿರುಕು ಕಂಡರೆ ಸಿಮೆಂಟ್, ಸೋರಿದರೆ ಸಿಮೆಂಟ್. ಮೇಸ್ತ್ರಿ ಎದುರು ಮಾತಾಡುತ್ತಿರಲಿಲ್ಲ. ಸುಣ್ಣ, ಮರಳು, ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಹಾಕಿ ಗಾರೆ ಅರೆಸುತ್ತಾ, "ಸಾಹೇಬ್ರೆ, ನಿಮ್ಮ ಸಿಮೆಂಟು ಕಲ್ಲಿಗಿಂತ ಗಟ್ಟಿ. ಬಿರುಕು ಬಿಡೋ ಸಮಯ ಬಂದ್ರೆ ಅದು ಬಿಡಲ್ಲ, ಕಲ್ಲು ಬಿಡ್ತದೆ. ನಮ್ಮ ಗಾರೆ ಪಾಪ, ತಾನೇ ಒಡ್ಕೊಂಡು ಕಲ್ಲನ್ನ ಉಳಿಸ್ತದೆ" ಎಂದು ನಯವಾಗಿ ಹೇಳುತ್ತಿದ್ದರು. ಸಾಹೇಬರು ಎರಡು ಮಳೆಗಾಲ ನೋಡಿ ಒಪ್ಪಿಕೊಂಡರು. ಈಗ ಕಾಲೇಜುಗಳಲ್ಲಿ ಅದನ್ನೇ ಪಾಠ ಮಾಡುತ್ತಾರಂತೆ.

ಇನ್ನು ಗೌರಿಕಟ್ಟೆ. ಅಜ್ಜಂಪುರದಿಂದ ಶಿವನಿ ಕಡೆಗೆ ಹೋಗುವಾಗ ಒಳಗೆ ತಿರುಗಿದರೆ ಸಿಗುವ ಸಣ್ಣ ಊರು. ಊರ ಕೆರೆ ಏರಿಯ ಪಕ್ಕದಲ್ಲಿ ಹದಿನಾರು ಕಂಬದ ಒಂದು ಮಂಟಪ. ದೇವರ ವಿಗ್ರಹವೇನೂ ಇಲ್ಲ. ಗೌರಿ ಹಬ್ಬದ ದಿನ ಕೆರೆಯ ಮಣ್ಣಿನಲ್ಲಿ ಗೌರಮ್ಮನನ್ನು ಮಾಡಿ ಅಲ್ಲಿ ಕೂರಿಸುತ್ತಾರೆ. ಮಿಕ್ಕ ದಿನ ಅದು ಊರಿನ ಹಜಾರ. ಒಂದು ಗೋಣಿಮರದ ಬೇರು ತಳಪಾಯಕ್ಕೆ ನುಗ್ಗಿ ಇಡೀ ಮಂಟಪ ಕೆರೆಯ ಕಡೆ ವಾಲಿತ್ತು. ಬಿಚ್ಚಿ, ಬೇರು ತೆಗೆದು, ಮತ್ತೆ ಹಾಗೇ ಕಟ್ಟಬೇಕೆಂದು ಇಲಾಖೆ ತೀರ್ಮಾನಿಸಿತು.

ಊರಿನವರನ್ನು ಒಪ್ಪಿಸುವ ಸಭೆ ಅದೇ ಮಂಟಪದಲ್ಲಿ ನಡೆಯಿತು. ಅರವತ್ತು ದಾಟಿದ ಸಿದ್ದಮ್ಮ ಎಂಬ ಹೆಂಗಸು ಕಂಬಕ್ಕೆ ಒರಗಿ ಕೂತಿದ್ದರು. ಎಲ್ಲ ಕೇಳಿಸಿಕೊಂಡ ಮೇಲೆ ಬಾಯಿ ಬಿಟ್ಟರು.

"ಬಿಚ್ಚೋರು ಬತ್ತೀರ, ಬಿಚ್ತೀರ. ಕಟ್ಟೋರ್ ಯಾರವ್ವ?"

"ನಾವೇ ಕಟ್ಟಿಕೊಡ್ತೀವಿ ಸಿದ್ದಮ್ಮನವ್ರೆ."

"ಹಿಂಗೇ ಅಂದು ಆಚೆ ಊರಲ್ಲಿ ಬಿಚ್ಚಿ ಹಾಕವ್ರೆ. ಆ ಕಲ್ಲಲ್ಲಿ ಈಗ ಹಾವು ಸಂಸಾರ ಮಾಡ್ಕೊಂಡವೆ ಕಣವ್ವ."

ಎಲ್ಲರೂ ನಕ್ಕರು. ಪಂಚಾಯ್ತಿ ಅಧ್ಯಕ್ಷ ರುದ್ರೇಶ ಮಾತ್ರ ನಗಲಿಲ್ಲ. "ಮೇಡಂ, ಮಂಟಪ ಬ್ಯಾಡ ಅನ್ನೋನಲ್ಲ ನಾನು. ಆದ್ರೆ ನಮ್ಮೂರಲ್ಲಿ ಮದ್ವೆ ಅಂದ್ರೆ ರಸ್ತೇಲೇ ಪಂಕ್ತಿ. ಹೋದ್ಸಲ ಮಳೆ ಬಂದು ಎಲೆ, ಪಾಯಸ ಎಲ್ಲ ತೇಲ್ಕೊಂಡು ಹೋಯ್ತು. ಸಮುದಾಯ ಭವನಕ್ಕೆ ಬೇರೆ ಜಾಗ ಇಲ್ಲ. ಗೌರಿ ಹಬ್ಬದೊಳಗೆ ನಿಲ್ಸಿ ಕೊಟ್ರೆ ಸಂತೋಷ. ಇಲ್ದಿದ್ರೆ ಕಲ್ಲನ್ನ ನಿಮ್ಮ ಮ್ಯೂಸಿಯಂಗೆ ತಗೊಂಡ್ಹೋಗಿ, ಜಾಗ ನಮಗೆ ಬಿಡಿ" ಎಂದ. ಅವನ ಮೇಲೆ ಕೋಪ ಬರಲಿಲ್ಲ. ಪಾಯಸ ತೇಲಿಹೋದವರ ಸಂಕಟವೂ ಸಂಕಟವೇ. ಮಂಟಪ ಇನ್ನೂ ಸಂರಕ್ಷಿತ ಪಟ್ಟಿಗೆ ಸೇರಿರಲಿಲ್ಲವಾದ್ದರಿಂದ ನಮ್ಮ ಇಂಜಿನಿಯರ್ ಸಾಹೇಬರೂ ಅದಕ್ಕೆ ಒಪ್ಪಿ ತಲೆಯಾಡಿಸಿದರು. ನಾನು ಎದ್ದು, "ಗೌರಿ ಹಬ್ಬದ ದಿನ ನೀವು ಇದೇ ಕಂಬಕ್ಕೆ ಒರಗಿ ಕೂತಿರ್ತೀರಿ" ಎಂದು ಸಿದ್ದಮ್ಮನಿಗೆ ಮಾತು ಕೊಟ್ಟುಬಿಟ್ಟೆ. ಮಾತು ಕೊಡಲು ಯಾರೂ ನನ್ನನ್ನು ಕೇಳಿರಲಿಲ್ಲ.

ಬಿಚ್ಚುವ ಮೊದಲು ಅಳತೆ ತೆಗೆಯಬೇಕಲ್ಲ. ಈರುಳ್ಳಿ ಕೀಳುವ ಕಾಲ ಅದು. ಊರಿನ ಈರುಳ್ಳಿಯೆಲ್ಲ ಮಂಟಪದ ನೆಲದ ಮೇಲೆ ಒಣಗುತ್ತಿತ್ತು. ಕಂಬ, ತೊಲೆ, ಚಾವಣಿ ಎಲ್ಲವನ್ನೂ ನಮ್ಮ ಹಿರಿಯ ನಕ್ಷೆಗಾರರು ಮೆಚ್ಚುವಂತೆ ಗೆರೆ ಗೆರೆಯಾಗಿ ಬರೆದೆ. ಕೊನೆಗೆ ನೆಲ ಉಳಿಯಿತು. ಈರುಳ್ಳಿ ಸರಿಸಿ ಎನ್ನಬಹುದಿತ್ತು. ಆದರೆ ಅಜ್ಜಂಪುರದ ಬಸ್ಸಿಗೆ ಹತ್ತೇ ನಿಮಿಷ ಇತ್ತು, ಅದು ಬಿಟ್ಟರೆ ಕಡೂರು ತಲುಪುವುದು ಕಷ್ಟ. ಹೇಗೂ ಬಿಚ್ಚುವಾಗ ಕಲ್ಲಿಗೆ ನಂಬರ್ ಹಾಕುತ್ತೇವೆ ಎಂದುಕೊಂಡು, ಒಟ್ಟು ಎಷ್ಟು ಕಲ್ಲು ಎಂದಷ್ಟೇ ಊರಿನವರನ್ನು ಕೇಳಿ, ಸ್ಕೇಲ್ ಇಟ್ಟು ಇಪ್ಪತ್ತಾರು ಸಮನಾದ ಚೌಕ ಎಳೆದು, ಬಸ್ಸಿಗೆ ಓಡಿದೆ. ಫೋಟೋ ಇದ್ದವು, ಆದರೆ ಅವುಗಳಲ್ಲಿ ಕಾಣುವುದು ಈರುಳ್ಳಿ ಮಾತ್ರ. ಇದೇ ಆ ದೊಡ್ಡ ತಪ್ಪು, ಮಕ್ಕಳೇ. ಮಿಕ್ಕದ್ದೆಲ್ಲ ಅದರ ಬಾಲ.

ಸಂಕ್ರಾಂತಿ ಕಳೆದ ಮೇಲೆ ಬಿಚ್ಚಲು ಶುರುಮಾಡಿದೆವು. ಮೇಸ್ತ್ರಿಯ ಆಳುಗಳು ಚೈನ್ ಪುಲ್ಲಿಯಲ್ಲಿ ಒಂದೊಂದೇ ಕಲ್ಲನ್ನು ಇಳಿಸುತ್ತಿದ್ದರೆ, ಮೇಸ್ತ್ರಿ ಮಗು ಮಲಗಿಸುವವರ ಹಾಗೆ "ಆಹಿಸ್ತಾ, ಆಹಿಸ್ತಾ, ಮೆಲ್ಲಗೆ" ಎನ್ನುತ್ತಿದ್ದರು. ನಾನು ಕೆಮ್ಮಣ್ಣನ್ನು ಅಂಟಿನಲ್ಲಿ ಕಲಸಿ ಅಚ್ಚುಕಟ್ಟಾಗಿ ನಂಬರ್ ಬರೆದೆ. ಆಯಿಲ್ ಪೇಂಟ್ ಇಲ್ಲ, ಶಪಥ ಶಪಥವೇ. ಪಕ್ಕದ ಹೊಲದಲ್ಲಿ ಎಲ್ಲವನ್ನೂ ಹುಲ್ಲಿನ ಮೇಲೆ ಇಟ್ಟೆವು. ಯುಗಾದಿ ಬಂತು. ನಾನು ಮೂರು ದಿನ ಕಡೂರಿಗೆ ಹೋದೆ. ಕಾವಲುಗಾರನೂ ಹಬ್ಬಕ್ಕೆ ಅವನ ಊರಿಗೆ ಹೋದ.

ಮೇಸ್ತ್ರಿಗೆಂದು ಒಬ್ಬಟ್ಟು ಕಟ್ಟಿಕೊಂಡು ವಾಪಸ್ ಬಂದರೆ, ಅವರು ಹೊಲದ ಬದುವಿನ ಮೇಲೆ ತಲೆಗೆ ಕೈ ಕೊಟ್ಟು ಕೂತಿದ್ದರು.

"ಏನಾಯ್ತು ಮೇಸ್ತ್ರಿ?"

"ಕಲ್ಲಿಗೆಲ್ಲ ಎಣ್ಣೆಸ್ನಾನ ಆಗ್ಬಿಟ್ಟಿದೆ ಮೇಡಂ."

ನೋಡಿದೆ. ಕಲ್ಲುಗಳೆಲ್ಲ ಬಿಸಿಲಿಗೆ ಫಳಫಳ ಹೊಳೆಯುತ್ತಿದ್ದವು. ಯುಗಾದಿಯೆಂದು ಊರಿನ ಹೆಂಗಸರು ಸೀಗೆಪುಡಿ ಹಾಕಿ ಉಜ್ಜಿ ಉಜ್ಜಿ ತೊಳೆದಿದ್ದರು. ತೊಳೆದ ಮೇಲೆ ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದಿದ್ದರು. ಪ್ರತಿ ಕಲ್ಲಿಗೂ ಅರಿಶಿನ ಕುಂಕುಮ, ಮೇಲೆ ಒಂದು ಮಾವಿನೆಲೆ. ಒಂದು ನಂಬರೂ ಉಳಿದಿರಲಿಲ್ಲ. ಅಲ್ಲೇ ಕೂತು ಮೇಸ್ತ್ರಿಗೆ ತಂದಿದ್ದ ಒಬ್ಬಟ್ಟನ್ನು ಇಬ್ಬರೂ ತಿಂದೆವು.

ಕಂಬ, ತೊಲೆ, ಚಾವಣಿಗೆ ಭಯವಿರಲಿಲ್ಲ. ನಕ್ಷೆ ನೋಡಿದರೆ ಯಾವ ಗೆರೆ ಯಾವ ಗೆರೆಗೆ ಕೂಡುತ್ತದೆ ಎಂದು ಗೊತ್ತಾಗುತ್ತಿತ್ತು. ನಮ್ಮ ಹಿರಿಯ ನಕ್ಷೆಗಾರರಿಗೆ ಆವತ್ತು ಮನಸ್ಸಿನಲ್ಲೇ ನಮಸ್ಕರಿಸಿದೆ. ನೆಲಕ್ಕೆ ಮಾತ್ರ ಇಪ್ಪತ್ತಾರು ಸುಳ್ಳು ಚೌಕ. ಹಾಸುಗಲ್ಲು ಒಂದೊಂದೂ ಒಂದೊಂದು ಅಳತೆ, ಮೂಲೆಗಳು ಪಕ್ಕದ ಕಲ್ಲಿಗೆ ತಕ್ಕಂತೆ ಕಡಿದವು. ನೆಲ ಕೂರದೆ ಕಂಬ ನಿಲ್ಲದು. ಕಂಬ ನಿಲ್ಲದಿದ್ದರೆ ಗೌರಿ ಹಬ್ಬದ ಮಾರನೆಯ ದಿನ ಅಲ್ಲಿ ಭವನದ ಗುದ್ದಲಿ ಪೂಜೆ.

ಒಂದು ವಾರ ನಾನು ಯಾರಿಗೂ ಬಾಯಿ ಬಿಡಲಿಲ್ಲ. ಬೇರು ತೆಗೆಯುವ ಕೆಲಸವನ್ನೇ ನಿಧಾನ ಮಾಡಿಸಿ ದಿನ ತಳ್ಳಿದೆ. ಎಂಟನೆಯ ದಿನ ಮೇಸ್ತ್ರಿ ಹೇಳಿದರು: "ಮೇಡಂ, ಕಲ್ಲು ಎತ್ತೋದಕ್ಕೆ ನನ್ನ ಚೈನ್ ಪುಲ್ಲಿ ಇದೆ. ನಿಮ್ಮ ಎದೆ ಮೇಲಿರೋದನ್ನ ನೀವೇ ಇಳಿಸ್ಬೇಕು. ಹೋಗಿ ಆ ಅಮ್ಮನಿಗೆ ಹೇಳ್ಬಿಡಿ."

ಸಿದ್ದಮ್ಮ ಮನೆಯ ಮುಂದೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ನಾನು ಈರುಳ್ಳಿ, ಬಸ್ಸು, ಚೌಕ, ಕೆಮ್ಮಣ್ಣು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವರ ಕೈ ನಿಂತಿತು.

"ಅಯ್ಯೋ ಶಿವನೇ. ಆ ಕೆಂಪು ಗೀಟು ನೀವ್ ಬರ್ದಿದ್ದಾ? ಯಾವ್ ಹಾಳಾದ್ ಹುಡುಗ್ರು ಗೀಚವ್ರೆ ಅಂತ ಬೈಕೊಂಡು ತಿಕ್ಕಿದ್ವಲ್ಲವ್ವ! ಕೈಯೆಲ್ಲ ಬೊಬ್ಬೆ ಬಂದಿತ್ತು ನಂಗೆ."

"ಹಾಗಾದ್ರೆ ಈಗ ಏನು ಮಾಡೋದು?"

"ಏನ್ ಮಾಡೋದು ಅಂದ್ರೆ? ಅವರವರ ಮನೆ ಕಲ್ಲು ಅವರವರಿಗೆ ಗೊತ್ತಿಲ್ವಾ?"

ಆಗ ತಿಳಿಯಿತು, ಹದಿನೈದು ವರ್ಷ ಕಲ್ಲು ನೋಡಿದ ನನಗೆ ಗೊತ್ತಿರದಿದ್ದ ಸಂಗತಿ. ಗೌರಿಕಟ್ಟೆಯಲ್ಲಿ ಮನೆಗೊಂದು ಹಾಸುಗಲ್ಲು. ಗೌರಿ ಹಬ್ಬದ ಹಿಂದಿನ ದಿನ ಆ ಮನೆಯ ಹೆಂಗಸರು ತಮ್ಮ ಕಲ್ಲನ್ನು ತೊಳೆದು ರಂಗೋಲಿ ಇಡಬೇಕು. ಹೊಸ ಸೊಸೆ ಬಂದರೆ ಅತ್ತೆ ಮೊದಲು ಅಡಿಗೆಮನೆ ತೋರಿಸುತ್ತಾಳೆ, ಆಮೇಲೆ ಈ ಕಲ್ಲು ತೋರಿಸುತ್ತಾಳೆ. ಕಾಗದದಲ್ಲಿ ಎಲ್ಲೂ ಇಲ್ಲ. ಕೇಳಬೇಕೆಂದು ನನಗೂ ಹೊಳೆದಿರಲಿಲ್ಲ.

ಮಾರನೆಯ ಬೆಳಿಗ್ಗೆ ಊರಿನ ಹೆಂಗಸರೆಲ್ಲ ಹೊಲಕ್ಕೆ ಬಂದರು. ಒಬ್ಬರು ಕಲ್ಲಿನ ಕುಳಿ ನೋಡಿ, ಒಬ್ಬರು ಸೀಳು ನೋಡಿ, ಒಬ್ಬರು ಅಳಗುಳಿಮಣೆಯ ಗುಂಡಿ ಸವರಿ, ದನದ ಹಿಂಡಿನಲ್ಲಿ ತಮ್ಮ ಹಸು ಗುರುತಿಸುವಷ್ಟು ಸಲೀಸಾಗಿ ತಮ್ಮ ಕಲ್ಲಿನ ಮೇಲೆ ಹೋಗಿ ನಿಂತರು. ಯಾರ ಕಲ್ಲು ಎಂಬುದೇನೋ ಸರಿ. ಯಾವುದರ ಪಕ್ಕ ಯಾವುದು? ಅಲ್ಲಿ ಗೊಂದಲ ಶುರುವಾಯಿತು. ಒಬ್ಬೊಬ್ಬರು ಒಂದೊಂದು ಹೇಳಿದರು. ಅಷ್ಟರಲ್ಲಿ ಸಿದ್ದಮ್ಮನಿಗೂ ಅಧ್ಯಕ್ಷ ರುದ್ರೇಶನ ತಾಯಿ ಗಂಗಮ್ಮನಿಗೂ ಹತ್ತಿಕೊಂಡಿತು.

"ನಿನ್ ಪಕ್ಕ ನಂದೇ ಕಣೇ ಗಂಗಿ. ಹಬ್ಬ ಹಬ್ಬಕ್ಕೂ ನಿನ್ ಕಲ್ಲಿನ ಕೊಳೆನೀರು ನನ್ ರಂಗೋಲಿ ಮೇಲೇ ಬತ್ತಿರ್ಲಿಲ್ವಾ?"

"ನನ್ ನೀರೇನೋ ಬತ್ತಿತ್ತು. ನಿನ್ ನೀರು ಮೆಟ್ಲು ಕಡೆ ಹೋಗಿ ಕೆಂಪಮ್ಮನ ಕಲ್ಲು ನೆನೆಸ್ತಿರ್ಲಿಲ್ವಾ? ಅವ್ಳು ನಿಂತ್ಕೊಂಡು ಬೈತಿರ್ಲಿಲ್ವಾ?"

ಮೇಸ್ತ್ರಿ ನನ್ನ ಕಡೆ ನೋಡಿದರು. ನಾನು ಮೇಸ್ತ್ರಿಯ ಕಡೆ ನೋಡಿದೆ. ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಸವೆದ ಕಲ್ಲಿನ ಮೇಲೆ ನೀರು ಹೊಯ್ದರೆ ಅದು ಒಂದೇ ಮೂಲೆಯಿಂದ ಇಳಿಯುತ್ತದೆ. ಆ ನೀರು ಯಾರ ಕಲ್ಲಿಗೆ ಹೋಗುತ್ತಿತ್ತೋ ಅವರು ಜಗಳ ಆಡಿರಲೇಬೇಕು. ನಾನು ಕಾಗದ ತೆಗೆದು ಎಲ್ಲರನ್ನೂ ಕೇಳತೊಡಗಿದೆ: "ತೊಳೆಯುವಾಗ ನಿಮಗೆ ಯಾರ ಜೊತೆ ಜಗಳ?"

ಅಂಥ ಸಂತೋಷದ ವಿಚಾರಣೆ ನನ್ನ ಇಡೀ ಸರ್ವೀಸಿನಲ್ಲಿ ಇನ್ನೊಂದಿಲ್ಲ. ಹೆಂಗಸರು ನಾನು ಮುಂದು ತಾನು ಮುಂದು ಎಂದು ಹೇಳಿದರು. ತಮ್ಮ ಜಗಳ ಸಾಲದೆಂದು ಅತ್ತೆಯ ಜಗಳ, ಅತ್ತೆಯ ಅತ್ತೆಯ ಜಗಳವನ್ನೂ ತೆಗೆದರು. ಮೇಸ್ತ್ರಿ ಒಂದೊಂದು ಕಲ್ಲಿಗೂ ಚೊಂಬಿನಲ್ಲಿ ನೀರು ಹೊಯ್ದು ಇಳಿಯುವ ಮೂಲೆ ತೋರಿಸುತ್ತಿದ್ದರು. ನಾನು ಬಾಣದ ಗುರುತು ಹಾಕುತ್ತಿದ್ದೆ. ಗದ್ದಲ ಕೇಳಿ ಓಡಿಬಂದ ರುದ್ರೇಶನಿಗೆ ಅವನ ತಾಯಿ, "ನೀನ್ ಸುಮ್ಕಿರಪ್ಪ, ಇದು ನಮ್ ಮನೆ ಕಲ್ಲಿನ ವಿಸ್ಯ. ಮ್ಯೂಸಿಯಂಗಂತೆ! ಅಲ್ಲಿ ಯಾವಳು ತೊಳೀತಾಳೆ?" ಎಂದು ಗದರಿದರು. ಅಧ್ಯಕ್ಷ ತಲೆ ಕೆರೆದುಕೊಂಡು ನಿಂತ. ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತೈದು ಕಲ್ಲಿಗೆ ಜಾಗ ಗೊತ್ತಾಯಿತು. ಯಾರೂ ತಮ್ಮದೆನ್ನದ ಇಪ್ಪತ್ತಾರನೆಯದು ಮಿಕ್ಕ ಒಂದೇ ಜಾಗಕ್ಕೆ ಬಿತ್ತು. ಹುಲ್ಲಿನ ಮೇಲೆ ಜೋಡಿಸಿ ನೋಡಿದರೆ ಗೆರೆಗೆ ಗೆರೆ ಕೂಡಿತು. ನನಗೆ ಅಳು ಬಂತು, ನಗುವೂ ಬಂತು. ಎರಡನ್ನೂ ಸೆರಗಿನಲ್ಲೇ ಒರೆಸಿಕೊಂಡೆ.

ಇಂಜಿನಿಯರ್ ಸಾಹೇಬರು ಹೊಸ ನಕ್ಷೆ ನೋಡಿ, "ಆಧಾರ ಅನ್ನೋ ಜಾಗದಲ್ಲಿ ಇದೇನಮ್ಮ ಬರೆದಿದ್ದೀಯ?" ಎಂದು ಕೇಳಿದರು. ನಾನು ಅವಸರದಲ್ಲಿ 'ಸ್ಥಳೀಯ ಜಗಳಗಳು' ಎಂದು ಬರೆದಿದ್ದೆ. ಕಥೆ ಕೇಳಿ ಅವರು ಮೇಜು ತಟ್ಟಿ ನಕ್ಕು, ಅದನ್ನು 'ಸ್ಥಳೀಯರ ಮೌಖಿಕ ಮಾಹಿತಿ' ಎಂದು ತಿದ್ದಿದರು. ನನ್ನ ತಪ್ಪಿಗೆ ಒಂದು ಮೆಮೊ ಕೂಡ ಕೊಟ್ಟರು. ಕೊಡಬೇಕಾದ್ದೇ.

ಗೌರಿ ಹಬ್ಬಕ್ಕೆ ಐದು ದಿನ ಇರುವಾಗ ಕೊನೆಯ ಚಪ್ಪಡಿ ಏರಿತು. ರುದ್ರೇಶ ತಾನೇ ನಿಂತು ಕಾಯಿ ಒಡೆದ. ಅವನ ಭವನ ಮುಂದಿನ ವರ್ಷ ಶಾಲೆಯ ಪಕ್ಕದಲ್ಲಿ ಎದ್ದಿತು. ಜಾಗ ಇಲ್ಲ ಎಂದಿದ್ದವರ ಕೈಯಿಂದಲೇ ಗಂಗಮ್ಮ ಜಾಗ ಬಿಡಿಸಿದ್ದರು. ಆ ಭವನದ ಮೊದಲ ಮದುವೆಯ ಪಾಯಸವನ್ನು ನಾನೂ ಮೇಸ್ತ್ರಿಯೂ ಉಂಡೆವು.

ಯಾರೂ ಕೇಳದ ಒಂದು ಕಲ್ಲು ಉಳಿದಿತ್ತಲ್ಲ, ಅದು ಸಿದ್ದಮ್ಮನ ಕಲ್ಲಿನ ಮೇಲುಗಡೆಯ ಜಾಗದ್ದು. ಆ ಮನೆಯವರು ಊರು ಬಿಟ್ಟು ತುಂಬಾ ಕಾಲವಾಗಿತ್ತು. ಸಿದ್ದಮ್ಮನೇ ಅದಕ್ಕೂ ಒಂದು ಕೈ ನೀರು ಹಾಕುತ್ತಿದ್ದರು. ಹಬ್ಬದ ಹಿಂದಿನ ದಿನ ಅವರು ನನ್ನ ಕೈಗೆ ಪೊರಕೆ ಕೊಟ್ಟು, "ಇದು ನಿಮ್ದು ಕಣ್ರವ್ವ, ತೊಳ್ಕಳಿ" ಎಂದರು. ನಾನು ಕಾಲು ಮಡಚಿ ಕೂತು ತೊಳೆದೆ. ನೀರು ನೇರವಾಗಿ ಸಿದ್ದಮ್ಮನ ರಂಗೋಲಿಯ ಮೇಲೆ ಹರಿಯಿತು. ನಾನು ಬೈಗುಳಕ್ಕೆ ಕಾದೆ. ಅವರು, "ಇರ್ಲಿ ಬುಡಿ ಮೇಡಮ್ಮಾರೆ, ಪರವಾಗಿಲ್ಲ" ಎಂದು ಒರೆಸಿಕೊಂಡರು.

ನನಗೆ ಪೆಚ್ಚೆನಿಸಿತು. ಗಂಗಮ್ಮನಿಗೆ ಸಿಗುವ ಬೈಗುಳ ನನಗೆ ಸಿಗಲಿಲ್ಲ. ಬೇರೆ ಕಡೆ ವರ್ಗವಾಗಿದ್ದಾಗಲೂ ರಜೆ ಹಾಕಿ ವರ್ಷ ವರ್ಷ ಹೋದೆ. ಎಷ್ಟೋ ಸಲ ಇಲಾಖೆಯ ಜೀಪಿನಲ್ಲೇ ಹೋಗಿ ಇಳಿದೆ. ಪ್ರತಿ ವರ್ಷವೂ ಕುರ್ಚಿ ಹಾಕಿದರು, ಕಾಫಿ ಕೊಟ್ಟರು, "ಇರ್ಲಿ ಬುಡಿ" ಎಂದರು. ಸೇವೆಯ ಕೊನೆಯ ದಿನ ಶಾಲು ಹಾರ ಹಾಕಿ ಕಳಿಸಿದಾಗ, ಇನ್ನು ಗೌರಿಕಟ್ಟೆಗೆ ಯಾವ ಲೆಕ್ಕದಲ್ಲಿ ಹೋಗಲಿ ಎಂಬ ಯೋಚನೆ ನನ್ನನ್ನು ನಿಜಕ್ಕೂ ಕಾಡಿತು.

ಆ ವರ್ಷವೂ ಗೌರಿ ಹಬ್ಬದ ಹಿಂದಿನ ದಿನ ಕಡೂರಿನಿಂದ ಬೀರೂರಿಗೆ, ಅಲ್ಲಿಂದ ಅಜ್ಜಂಪುರಕ್ಕೆ ಬಸ್ಸಿನಲ್ಲಿ ಹೋದೆ. ಒಳದಾರಿಗೆ ಆಟೋ. ಕೈಯಲ್ಲಿ ನನ್ನದೇ ಬಿಂದಿಗೆ, ನನ್ನದೇ ಪೊರಕೆ. ಯಾರೂ ಕುರ್ಚಿ ತರಲಿಲ್ಲ. ಎಂಬತ್ತು ದಾಟಿದ ಸಿದ್ದಮ್ಮ ಅದೇ ಕಂಬಕ್ಕೆ ಒರಗಿ ಕೂತು ಸೊಸೆಯ ಕೈಯಲ್ಲಿ ರಂಗೋಲಿ ಇಡಿಸುತ್ತಿದ್ದರು. ನಾನು ಸೀರೆ ಎತ್ತಿ ಕಟ್ಟಿ ನೀರು ಹೊಯ್ದು ಉಜ್ಜತೊಡಗಿದೆ. ಒಂದು ನಿಮಿಷವೂ ಆಗಿರಲಿಲ್ಲ.

"ಏಯ್ ಕಡೂರಮ್ಮ! ಕಣ್ಣು ಕಾಣಕ್ಕಿಲ್ವೇನೇ? ನಿನ್ ಕೊಳೆನೀರೆಲ್ಲ ನಮ್ ರಂಗೋಲಿ ಮೇಲೆ ಬತ್ತೈತೆ!"

ಎಲ್ಲರೂ ತಿರುಗಿ ನೋಡಿದರು. ನಾನು ಪೊರಕೆ ಹಿಡಿದೇ ಎದ್ದು ನಿಂತೆ. ಸೊಂಟದ ಮೇಲೆ ಕೈ ಇಟ್ಟುಕೊಂಡು, ಅಜ್ಜಂಪುರದ ಸ್ಟೇಷನ್ ರಸ್ತೆಯ ಗಂಟಲಿನಲ್ಲಿ ಕೂಗಿದೆ:

"ನಮ್ ಮನೆ ಕಲ್ಲು ಇರೋದೇ ಹಂಗೆ ಕಣವ್ವ, ಏನ್ ಮಾಡ್ಲಿ!"